ಅಂಗಳದ ಚಳಿಗೆ ಯಾವ ಬೆಂಕಿ?

ಡಿಸೆಂಬರ್ ಬಂತೆಂದರೆ ಚಿಕ್ಕಮಗಳೂರು, ಮಡಿಕೇರಿ ಕಡೆ ರಾತ್ರಿ ಊಟವಾದ ಮೇಲೆ ಅಂಗಳದಲ್ಲಿ ಹರಟೆ ಮುಂದುವರಿಯಲು ಬೆಂಕಿ ಬೇಕೇ ಬೇಕು. ಒಳಗೆ ಕೂತು ಮಾತಾಡಬಹುದಲ್ಲ ಎನ್ನುವವರಿಗೆ ಅಂಗಳವಿರುವುದಿಲ್ಲ.

ಮೊದಲು ಒಂದು ಆಸೆ ಬಿಡಬೇಕು. ಬಯಲ ಗಾಳಿಯನ್ನು ಬಿಸಿಮಾಡಲು ಯಾರಿಂದಲೂ ಆಗದು. ಬಿಸಿಯಾದದ್ದು ಮೇಲೇರಿ ಹೋಗಿಬಿಡುತ್ತದೆ. ಕಾಯಿಸಬೇಕಾದ್ದು ಮೈಯನ್ನು. ಹಾಗಾಗಿ ಹೀಟರ್ ಕೊಳ್ಳುವ ಮುಂಚೆ ಗಾಳಿ ನುಗ್ಗುವ ಕಡೆಗೊಂದು ಬಿದಿರಿನ ತಟ್ಟಿ ಕಟ್ಟಿ ನೋಡಿ.

ಹೋಟೆಲಿನವರು ನಿಲ್ಲಿಸುವ ಕೊಡೆಯಾಕಾರದ ಗ್ಯಾಸ್ ಹೀಟರಿಗೆ ಠೀವಿಯೂ ಹೆಚ್ಚು, ಹಸಿವೂ ಹೆಚ್ಚು. 13 ಕಿಲೋವ್ಯಾಟಿನದು ಪೂರ್ತಿ ಉರಿದರೆ ಗಂಟೆಗೆ ಸುಮಾರು 1 ಕೆಜಿ ಗ್ಯಾಸ್. 19 ಕೆಜಿಯ ವಾಣಿಜ್ಯ ಸಿಲಿಂಡರ್ ನಾಲ್ಕೈದು ಸಂಜೆಗೆ ಮುಗಿಯಿತು. ಅಡುಗೆಮನೆಯ 14.2 ಕೆಜಿಯದನ್ನು ಇದಕ್ಕೆ ಜೋಡಿಸುವ ಹಾಗಿಲ್ಲ. ಗುಂಡಿ ಒತ್ತಿದಾಗ ಹತ್ತಿ, ಬಿಟ್ಟೊಡನೆ ಆರಿದರೆ ಸಿಲಿಂಡರನ್ನು ಬೈಯಬೇಡಿ, ಉರಿಯ ಬಿಸಿ ತಾಗಿದರಷ್ಟೇ ಗ್ಯಾಸ್ ಬಿಡುವ ಕಡ್ಡಿ, ಅಂದರೆ ಥರ್ಮೋಕಪಲ್, ಇನ್ನೂ ಬಿಸಿಯಾಗಿಲ್ಲ ಅಷ್ಟೆ. ಅರ್ಧ ನಿಮಿಷ ಒತ್ತಿಹಿಡಿಯಿರಿ. ಆಗಲೂ ಆರಿದರೆ ಗ್ಯಾಸ್ ಬಂದ್ ಮಾಡಿ, ತಣಿದ ಮೇಲೆ ಆ ಕಡ್ಡಿಯ ತುದಿಯ ಮಸಿ ಉಜ್ಜಿ ತೆಗೆಯಬೇಕು. ಮಳೆಗಾಲವಿಡೀ ಮೂಲೆಯಲ್ಲಿದ್ದ ಹೀಟರಾದರೆ ಮೊದಲು ಹತ್ತುವ ಕಿರುಜ್ವಾಲೆಗೆ ಗ್ಯಾಸ್ ಒಯ್ಯುವ ಪೈಲಟ್ ನಳಿಗೆಯೊಳಗೆ ಜೇಡ ಸಂಸಾರ ಹೂಡಿದ್ದರೂ ಹೂಡಿರಬಹುದು.

ಮಾಡು ಇರುವ ಜಗಲಿಗೆ ಗಾಳಿಯ ಬದಲು ಮೈಯನ್ನೇ ಕಿರಣದಿಂದ ಕಾಯಿಸುವ ಕರೆಂಟಿನ ಇನ್‌ಫ್ರಾರೆಡ್ ಹೀಟರ್ ವಾಸಿ. 2000 ವ್ಯಾಟಿನದಕ್ಕೆ ಗಂಟೆಗೆ 2 ಯೂನಿಟ್, 16 ಆಂಪಿಯರ್ ಪ್ಲಗ್. ತೆಳು ಎಕ್ಸ್‌ಟೆನ್ಷನ್ ವೈರಿಗೆ ಸಿಕ್ಕಿಸಿದರೆ ಮೊದಲು ಬೆಚ್ಚಗಾಗುವುದು ವೈರೇ. ಏಳೆಂಟು ಅಡಿ ಎತ್ತರದಲ್ಲಿ, ಓರೆಯಾಗಿ, ಎದೆ ಮಟ್ಟಕ್ಕೆ ಬೀಳುವಂತೆ ಕೂರಿಸಬೇಕು. ನೇರ ನೆತ್ತಿಯ ಮೇಲಿದ್ದರೆ ತಲೆ ಸುಡುತ್ತದೆ, ಕಾಲು ನಡುಗುತ್ತದೆ. ವೋಲ್ಟೇಜ್ 180ಕ್ಕೆ ಇಳಿದ ದಿನ ಶಾಖದಲ್ಲಿ ಮೂರರಲ್ಲೊಂದು ಪಾಲು ಹೋಯಿತೆಂದೇ ಲೆಕ್ಕ.

ಇಷ್ಟಾದರೂ ಬಯಲಂಗಳಕ್ಕೆ ಸೌದೆಯೇ ಸೈ. ಒಣಗಿದ ಕಾಫಿ ಗಿಡದ ಕಟ್ಟಿಗೆ ಸಣ್ಣದಾದರೂ ಗಟ್ಟಿ, ಕೆಂಡ ಚೆನ್ನಾಗಿ ನಿಲ್ಲುತ್ತದೆ. ಹಸಿ ಸಿಲ್ವರ್ ಓಕ್ ತುರುಕಿದಿರೋ, ಬರೀ ಹೊಗೆ. ಸಿಮೆಂಟ್ ಕಣದ ಮೇಲೆ ನೇರವಾಗಿ ಬೆಂಕಿ ಹಾಕಿದರೆ ಒಳಗಿನ ತೇವ ಆವಿಯಾಗಿ ಚಕ್ಕೆ ಚಕ್ಕೆಯಾಗಿ ಸಿಡಿಯುತ್ತದೆ. ಮೂರಿಂಚು ಒಣ ಮರಳು ಹಾಸಿ, ಇಲ್ಲವೇ ಕಾಲಿರುವ ಕಬ್ಬಿಣದ ಬಾಣಲೆ ಇಡಿ. ಹೊಳೆಗಲ್ಲು ಸುತ್ತ ಜೋಡಿಸುವುದು ಚಂದವೇನೋ ಹೌದು, ಅದೂ ಹಾಗೆಯೇ ಸಿಡಿಯುವ ಜಾತಿ. ಇನ್ನೊಂದು: ಪಕ್ಕದಲ್ಲೇ ಕಾಫಿ ಒಣಗುತ್ತಿದ್ದರೆ ಬೆಂಕಿ ದೂರವಿರಲಿ. ಬೀಜ ಹೊಗೆ ಹೀರಿಕೊಂಡರೆ ಆ ವಾಸನೆ ಲೋಟದವರೆಗೂ ಬರುತ್ತದೆ, ಕೊಳ್ಳುವವನ ಮೂಗು ಅದನ್ನು ಬಿಡುವುದಿಲ್ಲ.

ಬೆಳಗ್ಗೆ ಬೂದಿ ತಣ್ಣಗೆ ಕಂಡರೂ ಅಡಿಯಲ್ಲಿ ಕೆಂಡವಿರುತ್ತದೆ. ನೀರು ಹೊಯ್ದು ಕೆದಕಿ, ತಗಡಿನ ಡಬ್ಬಕ್ಕೇ ತುಂಬಿ. ಪ್ಲಾಸ್ಟಿಕ್ ಬಕೆಟ್ಟಿಗೆ ಬೇಡ.