ಗುಮ್ಮಟದ ಮ್ಯಾಲೊಂದು ಗುಲಾಬಿ

ಖಾಲಿ ಜಾಗ ಕಂಡರೆ ನಮ್ಮ ಕಾಕಾಗೆ ಸುಮ್ಮನಿರಲು ಆಗುವುದಿಲ್ಲ. ಅಂಗಳ ಖಾಲಿ ಕಂಡರೆ ಒಂದು ಕುಂಡ ತಂದಿಡುತ್ತಾರೆ, ಗೋಡೆ ಖಾಲಿ ಕಂಡರೆ ಕ್ಯಾಲೆಂಡರ್ ತೂಗುಹಾಕುತ್ತಾರೆ. ಅಲ್ಲಿಯತನಕ ನನ್ನದೇನೂ ತಕರಾರಿಲ್ಲ. ತಕರಾರು ಇರುವುದು ನನ್ನ ಚಿತ್ರಗಳ ಆಕಾಶದ ಬಗ್ಗೆ.

ಕಾಕಾ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರು. ಬಸ್ಸು ಬಿಡುವ ಕೆಲಸ ಹೋದರೂ ಬಿಡುವ ಚಟ ಹೋಗಿಲ್ಲ. ದಿನಾ ಮುಂಜಾನೆ ಐದೂವರೆಗೆ ವಾಟ್ಸಾಪಿನಲ್ಲಿ ಮೊದಲ 'ಶುಭೋದಯ' ಬಿಡುತ್ತಾರೆ. ಮನೆತನದ ಗ್ರೂಪು, ಓಣಿಯ ಗ್ರೂಪು, ನಿವೃತ್ತ ನೌಕರರ ಗ್ರೂಪು, ವಾಕಿಂಗ್ ಗೆಳೆಯರ ಗ್ರೂಪು, ಯಾವುದಕ್ಕೂ ಒಂದು ನಿಮಿಷ ತಡವಿಲ್ಲ. ಮೊದಲೆಲ್ಲ ಯಾರೋ ಕಳಿಸಿದ ಹೂವು, ಹಕ್ಕಿ, ಸ್ವಿಟ್ಜರ್ಲೆಂಡಿನ ಕೆರೆ ಇರುತ್ತಿದ್ದವು. ಮನೆಯಲ್ಲೇ ಒಬ್ಬ ಚಿತ್ರ ತೆಗೆಯುವವನಿದ್ದಾನೆ ಎಂದು ಹೊಳೆದ ದಿನದಿಂದ ಸ್ವಿಟ್ಜರ್ಲೆಂಡ್ ಬಂದ್.

ಈಚೆಗೆ ಗೋಳಗುಮ್ಮಟದ ಚಿತ್ರ ತೆಗೆದೆ. ವಿಜಯಪುರದವನಿಗೆ ಅದು ಕಠಿಣ ಕೆಲಸ. ನೋಡುವವರೆಲ್ಲ ಗುಮ್ಮಟದ ನೆರಳಲ್ಲೇ ದೊಡ್ಡವರಾದವರು, ಒಂದು ಕಿಂಡಿ ಆಚೀಚೆಯಾದರೂ ಹಿಡಿಯುತ್ತಾರೆ. ನಾಲ್ಕು ಮೂಲೆಗೂ ಎಂಟು ಮುಖದ ಗೋಪುರ, ಒಂದೊಂದಕ್ಕೆ ಏಳು ಅಂತಸ್ತು, ಅಂತಸ್ತಿಗೆಲ್ಲ ಕಮಾನಿನ ಕಿಂಡಿ. ನಡುವೆ 44 ಮೀಟರ್ ಅಡ್ಡಳತೆಯ ಗುಮ್ಮಟ. ನನ್ನ ಫೋನಿನ ಆ್ಯಪಿನಲ್ಲಿ ಸಿಮೆಟ್ರಿ ಅಂತ ಒಂದು ಸೌಲಭ್ಯವಿದೆ. ಎಡಗಡೆ ಗೆರೆ ಎಳೆದರೆ ಬಲಗಡೆ ತಾನೇ ಮೂಡುತ್ತದೆ. 1656ರಲ್ಲಿ ಗುಮ್ಮಟ ಕಟ್ಟಿ ಮುಗಿಸಿದವರಿಗೆ ಪಾಪ ಈ ಅನುಕೂಲ ಇರಲಿಲ್ಲ. ಆದರೆ ಬಿಸಿಲು ಒಂದೇ ಮಗ್ಗುಲಿನಿಂದ ಬೀಳುತ್ತದಲ್ಲ! ಅದಕ್ಕೇ ಎರಡೂ ಮಗ್ಗುಲನ್ನು ಕೈಯಿಂದಲೇ ತೆಗೆದೆ. ಕಾಗದದ ಮೇಲೆ ಎಚ್‌ಬಿ ಪೆನ್ಸಿಲ್ಲಿನ ಕಚ್ಚಾ ಗೆರೆ, ಅದರ ಫೋಟೋ ಫೋನಿಗೆ, ಅದರ ಮೇಲಿನ ಲೇಯರಿನಲ್ಲಿ ಮಸಿಗೆರೆ, ಕೆಳಗಿನದರಲ್ಲಿ ಬಣ್ಣ, ಇನ್ನೊಂದರಲ್ಲಿ ನೆರಳು. ಗುಮ್ಮಟದ ಬುಡದಲ್ಲಿ ಸುತ್ತಲೂ ಕಮಲದ ದಳಗಳಿವೆ, ನೋಡಿರುತ್ತೀರಿ. ಅಷ್ಟು ಭಾರದ ಗುಮ್ಮಟ ಹೂವಿನೊಳಗಿಂದ ಎದ್ದಿದೆ ಅನ್ನಿಸಬೇಕು, ಅದು ಕಟ್ಟಿದವರ ಕಸುಬು. ಆ ದಳಗಳಿಗೇ ಇಡೀ ಸಂಜೆ ಹೋಯಿತು. ನಡುವೆ ಕರೆಂಟ್ ಹೋಗಿ ಫೋನಿನ ಚಾರ್ಜ್ ಕೆಂಪಿಗೆ ಇಳಿದರೂ ಬಿಡಲಿಲ್ಲ.

ಮರುದಿನ ಐದೂವರೆಗೆ ಚಿತ್ರ ನನಗೇ ವಾಪಸ್ ಬಂತು. ಆಕಾಶದ ತುಂಬ ಹಳದಿ ಅಕ್ಷರದಲ್ಲಿ 'ಶುಭೋದಯ'. ಅದರ ಕೆಳಗೆ 'ತಾಳಿದವನು ಬಾಳಿಯಾನು'. ಗುಮ್ಮಟದ ಬುಡಕ್ಕೆ, ಸರಿಯಾಗಿ ಆ ದಳಗಳ ಮೇಲೆ, ಇಬ್ಬನಿ ಸಮೇತ ಒಂದು ಕೆಂಪು ಗುಲಾಬಿ. ನನ್ನ ಸಹಿ ಇದ್ದ ಬಲಮೂಲೆ ಕಾಣೆಯಾಗಿದೆ. ಸಹಿಯ ಜೊತೆಗೆ ಬಲಗಡೆಯ ಗೋಪುರವೂ ಅರ್ಧ ಹೋಗಿದೆ. 1686ರಲ್ಲಿ ಊರು ಗೆದ್ದ ಔರಂಗಜೇಬ ಕೂಡ ಆ ಗೋಪುರವನ್ನು ಉಳಿಸಿ ಹೋಗಿದ್ದ.

ಚಾ ಕುಡಿಯುವ ನೆಪ ಮಾಡಿ ಕಾಕಾನ ಮನೆಗೆ ಹೋದೆ.

"ಕಾಕಾ, ನನ್ನ ಸಹಿ ಎಲ್ಲಿ ಹೋತರೀ?"

"ಸಹಿನಾ? ಅದು ನಿಂದಾ? ಮೂಲ್ಯಾಗ ಇರುವಿ ಹರದಾಡಿದಂಗ ಏನೋ ಕಾಣತಿತ್ತು, ಸ್ವಚ್ಛ ಮಾಡೇನಿ."

"ಮತ್ತ ಆ ಗುಲಾಬಿ?"

"ಬರೇ ಕಲ್ಲ ಇತ್ತಲ್ಲೋ ತಮ್ಮಾ. ಮುಂಜಾನೆದ್ದು ಮಂದಿ ಕಲ್ಲ ನೋಡಬೇಕೇನು?"

ಅಲ್ಲಿಗೇ ಬಿಟ್ಟಿದ್ದರೆ ನಾನು ಜಗಳಕ್ಕೆ ತಯಾರಿದ್ದೆ. ಆದರೆ ಕಾಕಾ ಬೆನ್ನು ತಟ್ಟಿಬಿಟ್ಟರು. "ಒಂದ್ ಮಾತ್ ಮಾತ್ರ ಖರೇ. ಮ್ಯಾಲ ಅಷ್ಟ್ ದೊಡ್ಡ ಆಕಾಶ ಖಾಲಿ ಬಿಟ್ಟಿ ನೋಡು, ಅಲ್ಲಿ ನಿನ್ನ ಶಾಣ್ಯಾತನ ಕಾಣತೈತಿ. ಅಕ್ಷರಕ್ಕ ಜಾಗಾ ಬೇಕಂತ ನಿನಗ ಯಾರೂ ಹೇಳಬೇಕಾಗಿಲ್ಲ."

ಅಷ್ಟರಲ್ಲಿ ಕಾಕು ಚೂಡಾ ತಂದಿಟ್ಟರು. ಸಿಟ್ಟು ಹೊರಹಾಕಲು ಬಾಯಿಗೆ ಬಿಡುವಿರಲಿಲ್ಲ.

ವಾರದೊಳಗೆ ಅದೇ ಚಿತ್ರವನ್ನು ಪುಣೆಯಲ್ಲಿರುವ ಗೆಳೆಯ ನನಗೇ ಕಳಿಸಿದ. "ನಿಮ್ಮೂರ ಗುಮ್ಮಟ ನೋಡಲೇ, ಯಾರೋ ಭಾಳ ಚಂದ ತಗದಾರ!" ನೆತ್ತಿಯ ಮೇಲೆ ಎರಡು ಬಾಣದ ಗುರುತು, ಹಲವು ಬಾರಿ ಫಾರ್ವರ್ಡ್ ಆಗಿದೆ ಎಂದು. ಫೋನಿಂದ ಫೋನಿಗೆ ಇಳಿದು ಇಳಿದು ಫೋಟೋ ಕುಗ್ಗಿ, ನನ್ನ ಕಿಂಡಿಗಳೆಲ್ಲ ಕಲಸಿಹೋಗಿದ್ದವು. ಗುಲಾಬಿ ಮಾತ್ರ ಚೂರೂ ಬಾಡಿರಲಿಲ್ಲ. ಇತ್ತ ಇನ್‌ಸ್ಟಾಗ್ರಾಮಿನಲ್ಲಿ ಅದೇ ಚಿತ್ರವನ್ನು ಸಹಿ ಸಮೇತ, ಗುಲಾಬಿ ಇಲ್ಲದೆ ಹಾಕಿದ್ದೆನಲ್ಲ, ಅಲ್ಲಿ ಸಿಕ್ಕಿದ್ದು ಒಂದಷ್ಟು ಲೈಕು, 'ನಿಮ್ಮ ಪೇಜ್ ಪ್ರಮೋಟ್ ಮಾಡಿಕೊಡುತ್ತೇವೆ' ಎನ್ನುವವರ ಸಾಲು, ಮತ್ತು "ಎಐ ಐತಿ, ಹೌದಲ್ಲ?" ಎಂಬ ಪ್ರಶ್ನೆ. ಹೌದು ಅಂದಿದ್ದರೆ ಇನ್ನೂ ನಾಲ್ಕು ಲೈಕು ಬೀಳುತ್ತಿದ್ದವೋ ಏನೋ.

ಸಹಿಗೆ ಇಷ್ಟೊಂದು ಯಾಕೆ ಒದ್ದಾಡುತ್ತೀ ಎಂದು ನೀವು ಕೇಳಬಹುದು. ಚಿತ್ರ ಕಲಿಸುವ ಸಾಲಿಗೆ ಹೋದವನಲ್ಲ ನಾನು. ಓದಿದ್ದು ಬಿಕಾಂ, ಹೊಟ್ಟೆಪಾಡು ಬೀಜ-ಗೊಬ್ಬರದ ಅಂಗಡಿಯ ಲೆಕ್ಕಪತ್ರ. ಬೆರಳು ತೆಗೆಯುವುದನ್ನು ಯಾರೂ ಹೇಳಿಕೊಡದ್ದರಿಂದ ಬಹಳ ಕಾಲ ನನ್ನ ಚಿತ್ರದ ಮಂದಿಯೆಲ್ಲ ಕೈಯನ್ನು ಬೆನ್ನಿಗೆ ಕಟ್ಟಿಕೊಂಡೇ ನಿಂತಿರುತ್ತಿದ್ದರು. ಕಲಿತದ್ದೇನಾದರೂ ಇದ್ದರೆ ಅದು ಸಾಲಿ ಬಿಟ್ಟ ಮೇಲೆ ಬೋರ್ಡ್ ಬರೆಯುವ ಪೇಂಟರ್ ಒಬ್ಬರ ಅಂಗಡಿಯ ಮುಂದೆ ನಿಂತು. ಅವರು ದಾರಕ್ಕೆ ಬಳಪದ ಪುಡಿ ಸವರಿ, ತಗಡಿನ ಮೇಲೆ ಎರಡು ತುದಿ ಬಿಗಿಹಿಡಿದು ಟಪ್ಪನೆ ಮೀಟಿದರೆ ಅಕ್ಷರಕ್ಕೆ ಗೆರೆ ತಯಾರು. ಫೋಟೋದ ಮೇಲೆ ಚೌಕ ಎಳೆದು, ಅಷ್ಟೇ ಚೌಕವನ್ನು ಗೋಡೆಯ ಮೇಲೆ ದೊಡ್ಡದಾಗಿ ಎಳೆದು, ಚೌಕದಿಂದ ಚೌಕಕ್ಕೆ ಮುಖ ಸಾಗಿಸುತ್ತಿದ್ದರು. ಆ ಚೌಕಗಳನ್ನು ನಾನು ಇವತ್ತಿಗೂ ಬಿಟ್ಟಿಲ್ಲ. "ನೋಡು, ಕೇಳಬ್ಯಾಡ" ಅನ್ನುವುದೊಂದೇ ಅವರ ಪಾಠ. ಬೋರ್ಡು ಮುಗಿದ ಮೇಲೆ ಎಲ್ಲಕ್ಕಿಂತ ಸಣ್ಣ ಬ್ರಷ್ ಹುಡುಕಿ ಕೆಳಮೂಲೆಯಲ್ಲಿ ತಮ್ಮ ಹೆಸರು, ಹೆಸರಿನ ಮುಂದೆ 'ಆರ್ಟ್ಸ್' ಎಂದು ಬರೆಯುತ್ತಿದ್ದರು. ದಿನವಿಡೀ ತುಟಿಯಲ್ಲಿರುವ ಬೀಡಿಯನ್ನು ಅದೊಂದು ಹೊತ್ತು ತೆಗೆದಿಡುತ್ತಿದ್ದರು. ಮುಂಜಾನೆ ಫೋಟೋ ಕೊಟ್ಟರೆ ಸಂಜೆಗೆ ಆಳೆತ್ತರದ ಫ್ಲೆಕ್ಸ್ ಸಿಗುವ ಕಾಲ ಬಂದ ಮೇಲೆ ಅಂಗಡಿ ಮುಚ್ಚಿತು. ಈಗ ಕಬ್ಬಿನ ಹಂಗಾಮು ಸುರುವಾಗುವ ಮುಂಚೆ ಟ್ರ್ಯಾಕ್ಟರ್ ಟ್ರೇಲರುಗಳ ಮೇಲೆ ಮಾಲಕರ ಮಕ್ಕಳ ಹೆಸರು ಬರೆದುಕೊಡುತ್ತಾರೆ. ಮೂಲೆಯಲ್ಲಿ ತಮ್ಮದನ್ನು ಬರೆಯುವುದು ನಿಲ್ಲಿಸಿದ್ದಾರೆ. ಯಾಕೆಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ.

ಈ ಊರಿಗೇ ಇದೊಂದು ಹಳೆಯ ರೋಗ ಇರಬೇಕು. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ಇಲ್ಲಿ ತೆಗೆದ ಎಷ್ಟೋ ಅದ್ಭುತ ಚಿತ್ರಗಳ ಮೇಲೆ ತೆಗೆದವರ ಹೆಸರಿಲ್ಲ. ಹೀಗಾಗಿ ಪಂಡಿತರು ಚಿತ್ರ ಎಲ್ಲಿದೆಯೋ ಆ ಊರಿನ ಹೆಸರು ಕೊಟ್ಟುಬಿಟ್ಟಿದ್ದಾರೆ. ಮೈನಾ ಹಕ್ಕಿ ಹಿಡಿದ ಯೋಗಿನಿಯ ಚಿತ್ರ ಐರ್ಲೆಂಡಿನ ಡಬ್ಲಿನ್ನಿನಲ್ಲಿದೆ, ಆದ್ದರಿಂದ ಆತ 'ಡಬ್ಲಿನ್ ಚಿತ್ರಕಾರ'. ಇನ್ನೊಬ್ಬ ಆಕ್ಸ್‌ಫರ್ಡಿನ ಗ್ರಂಥಾಲಯದ ಹೆಸರಿನಲ್ಲಿ 'ಬಾಡ್ಲಿಯನ್ ಚಿತ್ರಕಾರ'. ಈ ಲೆಕ್ಕದಲ್ಲಿ ಮುಂದೊಂದು ದಿನ ನನಗೆ 'ಶುಭೋದಯ ಚಿತ್ರಕಾರ' ಎಂಬ ಹೆಸರು ಖಾಯಂ. ಗುಲಾಬಿ ನನ್ನ ಶೈಲಿಯ ಮುಖ್ಯ ಲಕ್ಷಣ ಎಂದು ಯಾರಾದರೂ ಪಿಎಚ್‌ಡಿ ಮಾಡಿದರೂ ಆಶ್ಚರ್ಯವಿಲ್ಲ.

ಉಪಾಯ ಮಾಡದೆ ಕೂತೆ ಅಂದುಕೊಳ್ಳಬೇಡಿ. ಬಾರಾಕಮಾನ್ ತೆಗೆದಾಗ ಆಕಾಶದಲ್ಲಿ ಬೆರಳಿಡಲೂ ಜಾಗವಿಲ್ಲದಷ್ಟು ಮೋಡ ತುಂಬಿದೆ. ಕಾಕಾ ಆಕಾಶವನ್ನು ಮುಟ್ಟಲೇ ಇಲ್ಲ. ಒಂದು ಕಮಾನಿನೊಳಗೆ ದೀಪ ಇಟ್ಟರು, ಪಕ್ಕದ ಕಮಾನಿನೊಳಗೆ ಗಣಪ, ಅದರ ಪಕ್ಕ ಮುಗಿದ ಕೈ, ಅದರಾಚೆ ಹಬೆಯಾಡುವ ಚಾ. ಆದಿಲ್‌ಶಾಹಿಗಳು ಅರ್ಧಕ್ಕೆ ಬಿಟ್ಟ ಕಟ್ಟಡವನ್ನು ನಮ್ಮ ಕಾಕಾ ಒಂದೇ ಮುಂಜಾನೆ ಪೂರ್ತಿ ಮಾಡಿದರು. ಮುಂದಿನ ಚಿತ್ರಕ್ಕೆ ಸಹಿಯನ್ನು ಮಸುಕಾಗಿ, ದೊಡ್ಡದಾಗಿ, ನಟ್ಟನಡುವೆ ಹಾಕಿದೆ. ಆ ಗಣಪನೇ ದೊಡ್ಡವನಾಗಿ ಬಂದು ಅದರ ಮೇಲೆ ಕೂತ. ಗಣಪನನ್ನು ತೆಗೀರಿ ಅನ್ನಲು ಯಾರಿಗೆ ಬಾಯಿ ಬರುತ್ತದೆ?

ಆಮೇಲೆ ಇಬ್ರಾಹಿಂ ರೋಜಾಕ್ಕೆ ಪೆನ್ಸಿಲ್ ಹಿಡಿದು ಹೋದಾಗ ಬುದ್ಧಿ ಬಂತು. ಅಲ್ಲಿನ ಶಾಸನದಲ್ಲಿ ಅದನ್ನು ಕಟ್ಟಿದ ಮಲಿಕ್ ಸಂದಲ್‌ನ ಹೆಸರು ಕಲ್ಲಿನಲ್ಲೇ ಇದೆ. ಕಲ್ಲನ್ನು ಕ್ರಾಪ್ ಮಾಡುವ ಆ್ಯಪ್ ಇನ್ನೂ ಬಂದಿಲ್ಲ. ಹೆಸರು ಚಿತ್ರದ ಮೂಲೆಯಲ್ಲಿ ಇರಬಾರದು, ಚಿತ್ರದೊಳಗೇ ಇರಬೇಕು. ರೋಜಾದ ಮುಂದೆ ಒಂದು ಟಾಂಗಾ ನಿಲ್ಲಿಸಿದೆ. ಟಾಂಗಾದ ಹಿಂದಿನ ಹಲಗೆಯ ಮೇಲೆ, ನಮ್ಮ ಪೇಂಟರ್ ಬರೆಯುತ್ತಿದ್ದ ದುಂಡು ಅಕ್ಷರದಲ್ಲಿ, ಕೆಂಪು ಬಣ್ಣಕ್ಕೆ ಹಳದಿ ಅಂಚು ಕೊಟ್ಟು ನನ್ನ ಹೆಸರು ಬರೆದೆ. ಕುದುರೆಯ ಕಾಲಿಗಿಂತ ಅಕ್ಷರಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ಇವತ್ತು ಮುಂಜಾನೆ ಚಿತ್ರ ಬಂತು. ಶುಭೋದಯ ಇತ್ತು, ದೀಪ ಇತ್ತು, ಆದರೆ ಟಾಂಗಾ ಇಡಿಯಾಗಿ, ಹೆಸರು ನಿಚ್ಚಳವಾಗಿ ಹಾಗೇ ಇತ್ತು. ಗೆದ್ದೆ ಅಂದುಕೊಂಡು ಚಾಕ್ಕೆ ಇಡುವಷ್ಟರಲ್ಲಿ ಕಾಕಾನ ಫೋನು.

"ಏ ತಮ್ಮಾ, ಆ ಟಾಂಗಾದವನ ಹೆಸರೂ ನಿನ್ನ ಹೆಸರೂ ಒಂದ ಐತಲ್ಲೋ! ಎಂಥಾ ಯೋಗಾಯೋಗ ನೋಡು. ಪಾಪ, ಈಗಿನ ಕಾಲದಾಗ ಟಾಂಗಾ ಯಾರ್ ಹತ್ತತಾರ? ಅವನ ನಂಬರ್ ಇದ್ರ ಲಗೂನ ಕಳಸು, ಗ್ರೂಪಿನಾಗ ಹಾಕ್ತೀನಿ. ನಾಕ್ ಬಾಡಿಗಿ ಸಿಕ್ಕರ ಸಿಗಲಿ ಬಡವಗ."

ನಿವೃತ್ತ ನೌಕರರ ಗ್ರೂಪಿನಲ್ಲಿ ಒಬ್ಬರು ಆಗಲೇ ಭಾನುವಾರಕ್ಕೆ ಟಾಂಗಾ ಗೊತ್ತು ಮಾಡಿದ್ದಾರಂತೆ. ಮೊಮ್ಮಕ್ಕಳು ಬರುವವರಿದ್ದಾರೆ, ರೇಟು ಎಷ್ಟು ಅಂತ ಕೇಳಿದ್ದಾರೆ.