‘ನೀವೇ ಬರೆದದ್ದಾ?’: ಹೊಸ ಕಲಾವಿದರ ಹತ್ತಿರ ಪುರಾವೆ ಕೇಳಬೇಕೇ?

ಪುಸ್ತಕದ ಮುಖಪುಟಕ್ಕೋ ಪತ್ರಿಕೆಯ ಕತೆಗೋ ಒಂದು ಚಿತ್ರ ಬೇಕು. ಹಿಂದೆಂದೂ ಹೆಸರು ಕೇಳಿರದ ಯಾರೋ ಒಬ್ಬರು ಒಳ್ಳೆಯ ಚಿತ್ರ ಕಳಿಸುತ್ತಾರೆ. ನೋಡಿದವರ ತಲೆಗೆ ‘ಚೆನ್ನಾಗಿದೆ’ ಅನ್ನುವುದಕ್ಕಿಂತ ಮೊದಲು ‘ಎಐ ಇರಬಹುದಾ?’ ಅಂತ ಬರುತ್ತದೆ. ಆಗ ಸ್ಕೆಚ್ಚು, ಲೇಯರ್ ಫೈಲು (ಚಿತ್ರದ ಪದರಗಳು ಬೇರೆ ಬೇರೆಯಾಗಿ ಉಳಿದಿರುವ ಕಂಪ್ಯೂಟರ್ ಫೈಲು), ಬರೆಯುವಾಗಿನ ವಿಡಿಯೋ ತೋರಿಸಿ ಅಂತ ಕೇಳುವುದು ಸರಿಯೇ? ಸಣ್ಣ ಪ್ರಕಾಶನ ನಡೆಸುವವರೊಬ್ಬರು ಸರಿ ಅನ್ನುತ್ತಾರೆ. ಡ್ರಾಯಿಂಗ್ ಟೀಚರ್ ಒಬ್ಬರು ಒಪ್ಪುವುದಿಲ್ಲ.

ಪರ: ಕೇಳಿ, ಆದರೆ ಎಲ್ಲರನ್ನೂ ಕೇಳಿ

ಮುಖಪುಟಕ್ಕೆ ನಾನು ಹೊಸಬರನ್ನೇ ಹುಡುಕುವವನು. ಹೆಸರು ಮಾಡಿದವರು ಕೇಳುವಷ್ಟು ಸಂಭಾವನೆ ಕೊಡುವ ತಾಕತ್ತು ನಮ್ಮಂಥ ಸಣ್ಣವರಿಗೆ ಇಲ್ಲ, ಅದೂ ಒಂದು ಕಾರಣ ಅನ್ನಿ. ಮೊದಲೆಲ್ಲ ಇದು ಸುಲಭವಿತ್ತು. ಮೇಲ್‌ನಲ್ಲಿ ಚಿತ್ರ ಬರುತ್ತಿತ್ತು, ಇಷ್ಟವಾದರೆ ಫೋನ್ ಮಾಡುತ್ತಿದ್ದೆ. ಈಗ ಹಾಗಿಲ್ಲ.

ಈಚೆಗೆ ಯಕ್ಷಗಾನದ ಪುಸ್ತಕವೊಂದಕ್ಕೆ ಮುಖಪುಟ ಬೇಕಿತ್ತು. ಒಂದು ಚಿತ್ರ ಬಂತು. ಬಣ್ಣ, ಬೆಳಕು ಎಲ್ಲಾ ಸೊಗಸು. ಆದರೆ ವೇಷಧಾರಿಯ ತಲೆ ಮೇಲಿದ್ದದ್ದು ಬಡಗು ಶೈಲಿಯ ಕೇದಗೆ ಮುಂದಲೆಯೂ ಅಲ್ಲ, ತೆಂಕು ಶೈಲಿಯ ಕಿರೀಟವೂ ಅಲ್ಲ. ಕಥಕ್ಕಳಿಯಿಂದ ಅರ್ಧ ತಂದು ಅಂಟಿಸಿದ ಹಾಗೆ ಏನೋ ಒಂದು. ‘ಪೆನ್ಸಿಲ್ ಸ್ಕೆಚ್ ಇದ್ದರೆ ಕಳಿಸ್ತೀರಾ?’ ಅಂತ ಕೇಳಿದೆ. ಆಮೇಲೆ ಅವರು ಫೋನೇ ಎತ್ತಲಿಲ್ಲ. ಅದನ್ನು ಹಾಗೇ ಅಚ್ಚು ಹಾಕಿಸಿದ್ದರೆ ಮಂಗಳೂರಿನಿಂದ ಶಿರಸಿವರೆಗೆ ಓದುಗರು ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಅಂಥದ್ದೊಂದು ಏಟು ತಿಂದ ಪ್ರಕಾಶಕ ಮುಂದಿನ ಸಲ ಏನು ಮಾಡುತ್ತಾನೆ? ಗುರುತಿದ್ದವರ ಹತ್ತಿರವೇ ಹೋಗುತ್ತಾನೆ. ಹೊಸಬರಿಗೆ ಬಾಗಿಲು ಮುಚ್ಚಿತು, ಅಲ್ವಾ?

ಬರೀ ಕಣ್ಣಿನಿಂದ ಗುರುತು ಹಿಡಿಯುತ್ತೇನೆ ಅನ್ನುವ ಧೈರ್ಯ ನನಗಿಲ್ಲ. ದೊಡ್ಡ ದೊಡ್ಡ ತೀರ್ಪುಗಾರರೇ ಬಿದ್ದಿದ್ದಾರೆ. 2022ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಜಾತ್ರೆಯಲ್ಲಿ ಜೇಸನ್ ಅಲೆನ್ ಎಂಬುವವರು ಮಿಡ್‌ಜರ್ನಿ ಎಂಬ ಎಐ ಸಾಧನದಲ್ಲಿ ಮಾಡಿದ ಚಿತ್ರಕ್ಕೆ ಡಿಜಿಟಲ್ ಕಲೆಯ ಬಹುಮಾನ ಬಂತು. 2023ರಲ್ಲಿ ಬೋರಿಸ್ ಎಲ್ಡಾಗ್ಸನ್ ಎಂಬ ಜರ್ಮನ್ ಕಲಾವಿದ ಎಐ ಚಿತ್ರವನ್ನು ಸೋನಿ ಜಾಗತಿಕ ಫೋಟೋಗ್ರಫಿ ಸ್ಪರ್ಧೆಗೆ ಕಳಿಸಿ ಗೆದ್ದರು. ಆಮೇಲೆ ಅವರೇ ಬಹುಮಾನ ಬೇಡ ಅಂದರು, ಸ್ಪರ್ಧೆಗಳು ಇದಕ್ಕೆ ತಯಾರಿವೆಯಾ ಅಂತ ನೋಡಲು ಹಾಗೆ ಮಾಡಿದ್ದಂತೆ.

ಹಕ್ಕಿನ ಲೆಕ್ಕವೂ ಇದೆ. ಅಲೆನ್ ಅವರ ಅದೇ ಚಿತ್ರಕ್ಕೆ ಅಮೆರಿಕದ ಕಾಪಿರೈಟ್ ಕಚೇರಿ 2023ರಲ್ಲಿ ನೋಂದಣಿ ಕೊಡಲಿಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಗೆ 1994ರ ತಿದ್ದುಪಡಿಯಲ್ಲಿ ಸೇರಿದ ಮಾತು ಬೇರೆ: ಕಂಪ್ಯೂಟರ್‌ನಿಂದ ಹುಟ್ಟಿದ ಕೃತಿಗೆ, ಅದನ್ನು ಹುಟ್ಟಿಸಲು ಕಾರಣರಾದವರೇ ಕರ್ತೃ. ಇವತ್ತಿನ ಎಐ ಬರುವುದಕ್ಕೆ ಎಷ್ಟೋ ಮೊದಲು ಬರೆದ ಸಾಲು ಅದು. ನಾಳೆ ಕೋರ್ಟಿನಲ್ಲಿ ಅದರ ಅರ್ಥ ಏನಾಗುತ್ತದೋ ಯಾರಿಗೆ ಗೊತ್ತು? ದುಡ್ಡು ಕೊಟ್ಟು ಹಕ್ಕು ಕೊಳ್ಳುವವನಿಗೆ ತಾನು ಏನು ಕೊಳ್ಳುತ್ತಿದ್ದೇನೆ ಅಂತ ತಿಳಿಯಬಾರದೇ?

ಕೇಳಿದರೆ ಅವಮಾನ ಅನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಮೈಸೂರು ಶೈಲಿಯ ಚಿತ್ರ ಕೊಳ್ಳಲು ಹೋದವರು ‘ಇದು ನಿಜವಾದ ಚಿನ್ನದ ರೇಕಾ?’ ಅಂತ ಕೇಳುತ್ತಾರೆ. ಬರೆದವರು ಸಿಟ್ಟಾಗುವುದಿಲ್ಲ, ಉಬ್ಬುಗೆಲಸ ಹೇಗೆ ಮಾಡಿದೆ, ರೇಕು ಹೇಗೆ ಅಂಟಿಸಿದೆ ಅಂತ ಖುಷಿಯಾಗಿ ವಿವರಿಸುತ್ತಾರೆ. ಕ್ಯಾನ್ವಾಸ್ ಮೇಲೆ ಪ್ರಿಂಟ್ ಹಾಕಿಸಿ, ಮೇಲೆ ನಾಲ್ಕು ಬ್ರಷ್ ಎಳೆದು ‘ಒರಿಜಿನಲ್’ ಅಂತ ಮಾರುವವರು ಎಐಗಿಂತ ಮೊದಲೂ ಇದ್ದರು. ಕೊಳ್ಳುವವರು ಆಗಲೂ ಕೇಳುತ್ತಿದ್ದರು.

ಪುರಾವೆಗೆ ಖರ್ಚು ಜಾಸ್ತಿ ಅನ್ನುವ ಮಾತೂ ಪೂರ್ತಿ ಸರಿಯಲ್ಲ. ಐಪ್ಯಾಡ್‌ನ ಪ್ರೊಕ್ರಿಯೇಟ್ ಎಂಬ ಚಿತ್ರ ಬರೆಯುವ ಆ್ಯಪ್ ಬರೆಯುವುದನ್ನೆಲ್ಲ ತಾನೇ ರೆಕಾರ್ಡ್ ಮಾಡುತ್ತದೆ. ಐಪ್ಯಾಡ್ ಇಲ್ಲದವರು ಫೋನಿನಲ್ಲಿ ಐಬಿಸ್ ಪೇಂಟ್ ಬಳಸುತ್ತಾರೆ, ಅದರಲ್ಲೂ ಈ ಸೌಲಭ್ಯ ಇದೆ. ಕಾಗದದ ಮೇಲೆ ಬರೆಯುವವರು ಅರ್ಧ ಆದಾಗ ಒಂದು ಫೋಟೋ ತೆಗೆದಿಟ್ಟರೆ ಸಾಕು.

ಆದರೆ ಕೇಳುವುದಕ್ಕೂ ಒಂದು ರೀತಿ ಇದೆ. ಹೊಸಬರನ್ನು ಮಾತ್ರ ಕೇಳಿ, ಹಳಬರಿಗೆ ರಿಯಾಯಿತಿ ಕೊಟ್ಟರೆ ಅದು ಅನ್ಯಾಯ. ಚಿತ್ರ ಬೇಕು ಅಂತ ಹೇಳುವಾಗಲೇ ಸ್ಕೆಚ್ ಕೂಡ ಬೇಕು ಅಂತ ತಿಳಿಸಬೇಕು. ಎಲ್ಲರ ಎದುರು, ಫೇಸ್‌ಬುಕ್ಕಿನ ಕಾಮೆಂಟಿನಲ್ಲಿ ಕೇಳುವುದು ಪುರಾವೆ ಕೇಳುವುದಲ್ಲ, ಮಾನ ಕಳೆಯುವುದು. ಒಂದು ಫೋನಿನಲ್ಲಿ ಮುಗಿಯುವ ವಿಷಯ ಇದು. ಹಾಗೆ ಪಾರಾದವರ ಮೇಲೆ ನಾಳೆ ಯಾರಾದರೂ ಅನುಮಾನ ಎತ್ತಿದರೆ ಪ್ರಕಾಶಕ ಅವರ ಪರವಾಗಿ ಎದ್ದು ನಿಂತು ಮಾತಾಡಬಹುದು. ಏನೂ ಕೇಳದೇ ಬಿಟ್ಟಿದ್ದರೆ ಯಾವ ಬಾಯಲ್ಲಿ ಮಾತಾಡಲಿ?

ವಿರೋಧ: ಪುರಾವೆ ಬೇಡ, ಕೆಲಸ ಕೊಡಿ

ಪ್ರಕಾಶಕರು ಹೇಳಿದ ಯಕ್ಷಗಾನದ ಕತೆಯಿಂದಲೇ ಶುರು ಮಾಡುತ್ತೇನೆ. ಕಿರೀಟ ತಪ್ಪು ಅಂತ ಅವರಿಗೆ ಗೊತ್ತಾದದ್ದು ಹೇಗೆ? ವಿಡಿಯೋ ನೋಡಿ ಅಲ್ಲ, ಯಕ್ಷಗಾನ ಗೊತ್ತಿದ್ದರಿಂದ. ಅದೇ ತಪ್ಪು ಕಿರೀಟವನ್ನು ಒಬ್ಬ ಹುಡುಗ ಕೈಯಿಂದ ಬರೆದು ಸ್ಕೆಚ್ಚನ್ನೂ ಕಳಿಸಿದ್ದರೆ ಅಚ್ಚು ಹಾಕಿಸುತ್ತಿದ್ದರಾ? ಇಲ್ಲ. ಅಂದಮೇಲೆ ಅವರನ್ನು ಕಾಪಾಡಿದ್ದು ಪುರಾವೆ ಅಲ್ಲ, ಚಿತ್ರವನ್ನು ಸರಿಯಾಗಿ ನೋಡುವ ಕಣ್ಣು.

ನಾನು ಮಕ್ಕಳಿಗೆ ಚಿತ್ರ ಹೇಳಿಕೊಡುವವಳು. ‘ಎಐ ಚಿತ್ರ ಗುರುತಿಸುವುದು ಹೇಗೆ’ ಅಂತ ಓಡಾಡುವ ಪಟ್ಟಿಗಳನ್ನು ನೋಡಿದರೆ ನನಗೆ ನಗು ಬರುತ್ತದೆ, ಹಿಂದೆಯೇ ಸಂಕಟವೂ ಆಗುತ್ತದೆ. ಬೆರಳು ಸರಿಯಿಲ್ಲ. ನೆರಳು ಒಂದು ಕಡೆ, ಬೆಳಕು ಇನ್ನೊಂದು ಕಡೆ. ಕಿವಿಯೋಲೆ ಎರಡೂ ಒಂದೇ ಥರ ಇಲ್ಲ. ಸೀರೆಯ ನೆರಿಗೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೋ ಗೊತ್ತಾಗುವುದಿಲ್ಲ. ಇವೆಲ್ಲ ನನ್ನ ಕ್ಲಾಸಿನಲ್ಲಿ ದಿನಾ ಕಾಣುವ ತಪ್ಪುಗಳು! ಕೈ ಬರೆಯುವುದು ಕಷ್ಟ. ಅಂಗೈಯನ್ನು ಮೊದಲು ಚೌಕಾಕಾರವಾಗಿ ಹಾಕಿಕೊಂಡು, ಹೆಬ್ಬೆರಳು ಎಲ್ಲಿಂದ ಹೊರಡುತ್ತದೆ ಅಂತ ನೋಡಿಕೊಂಡು ಮಿಕ್ಕ ಬೆರಳು ಬರೆಯಬೇಕು. ಮಕ್ಕಳು ನೇರ ಬೆರಳಿಗೇ ಹೋಗುತ್ತಾರೆ, ಕೊನೆಯ ಬೆರಳಿಗೆ ಜಾಗವೇ ಉಳಿದಿರುವುದಿಲ್ಲ. ಅದಕ್ಕೇ ಎಷ್ಟೋ ಜನ ಕೈಯನ್ನು ಸೆರಗಿನ ಹಿಂದೆಯೋ ಜೇಬಿನೊಳಗೋ ಅಡಗಿಸಿಬಿಡುತ್ತಾರೆ. ಈಗ ಹಾಗೆ ಅಡಗಿಸಿದರೂ ಅನುಮಾನ. ಇನ್ನು ತಪ್ಪೇ ಇಲ್ಲದೆ ಚೆನ್ನಾಗಿ ಬರೆದರೆ? ‘ಇಷ್ಟು ಚಿಕ್ಕ ವಯಸ್ಸಿಗೆ ಇಷ್ಟು ನೀಟಾಗಿ ಬರುತ್ತಾ?’ ಅಂತ ಇನ್ನೊಂದು ಅನುಮಾನ.

ಪುರಾವೆ ಕೊಟ್ಟರೆ ಮುಗಿಯಿತು ಅನ್ನುವವರು ಬೆನ್ ಮೊರಾನ್ ಹೆಸರು ಕೇಳಿರಬೇಕು. ವಿಯೆಟ್ನಾಂನ ಕಲಾವಿದ. 2022ರ ಕೊನೆಯಲ್ಲಿ ಚರ್ಚಾ ಜಾಲತಾಣ ರೆಡ್ಡಿಟ್‌ನ ದೊಡ್ಡ ಕಲಾ ಗುಂಪೊಂದು ಇವರ ಚಿತ್ರ ಎಐ ಥರ ಕಾಣುತ್ತದೆ ಅಂತ ಹೊರಗೆ ಹಾಕಿತು. ಫೋಟೋಶಾಪ್ ಫೈಲ್ ತೋರಿಸುತ್ತೇನೆ ಅಂದರು. ಗುಂಪು ನೋಡಿಕೊಳ್ಳುವವರು ಕೊಟ್ಟ ಉತ್ತರದ ಸಾರ ಏನು ಗೊತ್ತಾ? ನೀವೇ ಬರೆದಿದ್ದರೂ ಪರವಾಗಿಲ್ಲ, ಬೇರೆ ಶೈಲಿ ಹುಡುಕಿಕೊಳ್ಳಿ. ಅನುಮಾನ ಒಮ್ಮೆ ಗಟ್ಟಿಯಾದ ಮೇಲೆ ಫೈಲು ಯಾರಿಗೆ ಬೇಕು?

ಆ ಫೈಲಿಗೂ ಈಗ ಬೆಲೆ ಕಡಿಮೆ. 2024ರ ಜುಲೈನಲ್ಲಿ ‘ಪೇಂಟ್ಸ್ ಅಂಡೂ’ ಎಂಬ ಸಾಧನ ಬಿಡುಗಡೆಯಾಯಿತು. ಮುಗಿದ ಚಿತ್ರ ಒಂದನ್ನು ಕೊಟ್ಟರೆ ಸಾಕು, ಗೆರೆಯಿಂದ ಬಣ್ಣದವರೆಗೆ ಹಂತಹಂತವಾಗಿ ಬರೆದ ಹಾಗೆ ಕಾಣುವ ವಿಡಿಯೋ ಅದೇ ಹುಟ್ಟಿಸಿಕೊಡುತ್ತದೆ. ಅಂದರೆ ಮೋಸ ಮಾಡುವವರ ಹತ್ತಿರ ಪುರಾವೆ ಸಿದ್ಧವಾಗಿರುತ್ತದೆ. ಸಿಕ್ಕಿಬೀಳುವುದು ರೆಕಾರ್ಡ್ ಮಾಡಲು ಮರೆತ ಪಾಪದವರು. ಕಣ್ಣನ್ನು ನಂಬುವುದು ಬೇಡ ಅನ್ನುವುದು ನಿಜ, ಆದರೆ ಆ ತಪ್ಪು ಎರಡೂ ಕಡೆಗೆ ಆಗುತ್ತದೆ. 2024ರಲ್ಲಿ ಮೈಲ್ಸ್ ಆಸ್ಟ್ರೇ ಎಂಬ ಫೋಟೋಗ್ರಾಫರ್ ನಿಜವಾದ ಫ್ಲೆಮಿಂಗೊ ಹಕ್ಕಿಯ ಫೋಟೋವನ್ನು ಸ್ಪರ್ಧೆಯೊಂದರ ಎಐ ವಿಭಾಗಕ್ಕೇ ಕಳಿಸಿ ಬಹುಮಾನ ಹೊಡೆದರು. ಹಕ್ಕಿ ತಲೆ ಬಗ್ಗಿಸಿ ಹೊಟ್ಟೆ ಕೆರೆದುಕೊಳ್ಳುತ್ತಿತ್ತು, ತಲೆಯೇ ಇಲ್ಲದ ಹಾಗೆ ಕಾಣುತ್ತಿತ್ತು. ವಿಷಯ ಗೊತ್ತಾದ ಮೇಲೆ ಬಹುಮಾನ ವಾಪಸ್ ತೆಗೆದುಕೊಂಡರು.

ಇನ್ನೊಂದು ವಿಚಿತ್ರ ನೋಡಿ. ತಮ್ಮ ಶೈಲಿಯನ್ನು ಎಐ ಕದಿಯದಿರಲಿ ಅಂತ ಕಲಾವಿದರು ಗ್ಲೇಜ್ ಬಳಸುತ್ತಾರೆ. ಷಿಕಾಗೊ ವಿಶ್ವವಿದ್ಯಾಲಯದವರು 2023ರಲ್ಲಿ ಮಾಡಿದ ತಂತ್ರಾಂಶ ಅದು. ಅದನ್ನು ಹಾಕಿದರೆ ಸಪಾಟಾದ ಬಣ್ಣದ ಮೇಲೆ ಸುಕ್ಕಿನಂಥ ಗುರುತು ಮೂಡುತ್ತದೆ. ಅದನ್ನು ನೋಡಿದವರು ‘ಇದು ಎಐ ಕೆಲಸವೇ’ ಅನ್ನಬಹುದು! ಎಐಯಿಂದ ತಪ್ಪಿಸಿಕೊಳ್ಳಲು ಹೋದವರ ಮೇಲೆ ಎಐ ಆರೋಪ.

ಪುರಾವೆ ಕೇಳುವವರು ಲೇಯರ್ ಫೈಲನ್ನು ಸುಮ್ನೆ ತೋರಿಸುವ ವಸ್ತು ಅಂತ ತಿಳಿದಿದ್ದಾರೆ. ಈ ಕೆಲಸ ಮಾಡುವವರನ್ನು ಕೇಳಿ. ಆ ಫೈಲು ಕೈಗೆ ಸಿಕ್ಕಿದರೆ ಯಾರು ಬೇಕಾದರೂ ಹಿನ್ನೆಲೆ ಬದಲಿಸಿ, ಬಣ್ಣ ತಿದ್ದಿ ಇನ್ನೂ ನಾಲ್ಕು ಕಡೆ ಬಳಸಬಹುದು. ಅದಕ್ಕೇ ತಿಳಿದವರು ಅದಕ್ಕೆ ಬೇರೆ ದರ ಹಾಕುತ್ತಾರೆ. ಹೊಸಬರಿಗೆ ಇದು ಗೊತ್ತಿರುವುದಿಲ್ಲ, ಪುರಾವೆ ಅಂತ ಪುಕ್ಕಟೆ ಕೊಟ್ಟುಬಿಡುತ್ತಾರೆ. ನನ್ನ ಹತ್ತಿರ ಕಲಿತ ಹುಡುಗಿಯೊಬ್ಬಳಿಗೆ ಹೀಗೇ ಆಯಿತು. ಫೈಲು ಹೋಯಿತು, ‘ನೋಡಿ ಹೇಳ್ತೇವೆ’ ಅಂದರು, ಆಮೇಲೆ ಸುದ್ದಿಯೇ ಇಲ್ಲ.

ಎಲ್ಲರ ಕೆಲಸದಲ್ಲೂ ತೋರಿಸುವಂಥ ಹಂತಗಳು ಇರುವುದಿಲ್ಲ. ಮಲೆನಾಡಿನ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನ ಬಿಳುಪಿನಲ್ಲಿ ಹಸೆ ಚಿತ್ತಾರ ಎಳೆಯುತ್ತಾರೆ. ಅಲ್ಲಿ ಪೆನ್ಸಿಲ್ ಸ್ಕೆಚ್ ಎಲ್ಲಿದೆ? ಅವರ ಮಗಳು ಅದೇ ವಿನ್ಯಾಸವನ್ನು ಬಟ್ಟೆಯ ಮೇಲೋ ಫೋನಿನಲ್ಲೋ ಬರೆದು ಕಳಿಸಿದರೆ, ಗೆರೆ ಇಷ್ಟು ನೇರವಾಗಿದೆ ಅಂತ ಅವಳನ್ನೇ ಕಟಕಟೆಗೆ ನಿಲ್ಲಿಸುತ್ತೀರಾ? ಆ ನೇರ ಗೆರೆ ಅವಳ ಅಮ್ಮನಿಂದ ಬಂದದ್ದು.

ನನಗೆ ಜಾಸ್ತಿ ಸಿಟ್ಟು ಬರುವುದು ಇನ್ನೊಂದು ಮಾತಿಗೆ. 2022ರಲ್ಲಿ ಹೊರಬಂದ ಲಯಾನ್-5ಬಿ ಎಂಬ ಸಂಗ್ರಹದಲ್ಲಿ ಸುಮಾರು 585 ಕೋಟಿ ಚಿತ್ರಗಳ ಕೊಂಡಿ ಮತ್ತು ವಿವರಣೆ ಇದ್ದವು. ಅದರ ಭಾಗಗಳನ್ನು ತಿಂದೇ ಸ್ಟೇಬಲ್ ಡಿಫ್ಯೂಷನ್ ಎಂಬ ಎಐ ಚಿತ್ರ ಮಾಡಲು ಕಲಿತದ್ದು. ಬರೆದವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅಷ್ಟು ದೊಡ್ಡವರನ್ನು ಹಿಡಿದು ಕೇಳಲು ನಮ್ಮ ಕೈಲಿ ಆಗುವುದಿಲ್ಲ, ಅದಕ್ಕೆ ತಾಲ್ಲೂಕಿನಿಂದ ಚಿತ್ರ ಕಳಿಸಿದ ಹುಡುಗಿಯನ್ನು ಹಿಡಿದು ಕೇಳುತ್ತೇವೆ. ‘ಎಲ್ಲರನ್ನೂ ಕೇಳಿ’ ಅನ್ನುವುದು ಮಾತಿಗೆ ಚೆಂದ. ನಲವತ್ತು ವರ್ಷ ಮುಖಪುಟ ಬರೆದವರಿಗೆ ಫೋನ್ ಮಾಡಿ ‘ಸಾರ್, ವಿಡಿಯೋ ಕಳಿಸಿ’ ಅನ್ನುವ ಪ್ರಕಾಶಕರನ್ನು ನಾನಂತೂ ಕಾಣೆ.

ಹಾಗಾದರೆ ಮೋಸವನ್ನು ಸುಮ್ನೆ ನೋಡುತ್ತಾ ಕೂರಬೇಕಾ? ಬೇಡ. ಒಪ್ಪಂದದಲ್ಲಿ ‘ಇದು ನನ್ನದೇ ಕೆಲಸ, ಎಐ ಬಳಸಿಲ್ಲ’ ಅಂತ ಒಂದು ಸಾಲು ಹಾಕಿ ಸಹಿ ತೆಗೆದುಕೊಳ್ಳಿ. ಸುಳ್ಳು ಅಂತ ಗೊತ್ತಾದರೆ ಆಗ ಹಿಡಿಯಿರಿ. ಜನವರಿಯ ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನಡೆಯುತ್ತದಲ್ಲ, ಅಲ್ಲಿಗೆ ಕೊಳ್ಳಲು ಮಾತ್ರ ಹೋಗಬೇಡಿ. ಹೊಸಬರ ಮುಂದೆ ನಿಂತು ಮಾತಾಡಿ. ಯಾವ ಕಾಗದ, ಯಾಕೆ ಈ ನೀಲಿ, ಎಲ್ಲಿ ಕೆಟ್ಟುಹೋಯಿತು ಅಂತ ಕೇಳಿ. ಎದುರಿಗೆ ಕೂರಿಸಿಕೊಂಡು ಮುಖಚಿತ್ರ ಬರೆದುಕೊಡುವವರ ಪಕ್ಕದಲ್ಲಿ ಒಂದರ್ಧ ಗಂಟೆ ನಿಂತರೂ ಯಾರ ಕೈ ಎಂಥದ್ದು ಅಂತ ತಿಳಿಯುತ್ತದೆ.

ಮುಖಪುಟಕ್ಕಾದರೆ ಇನ್ನೂ ಸುಲಭ. ಮುಗಿದ ಚಿತ್ರ ತರಿಸಿಕೊಂಡು ಆಮೇಲೆ ವಿಚಾರಣೆ ಮಾಡುವ ಬದಲು ಮೊದಲು ರಫ್ ಮಾಡಿಸಿ. ‘ಅಜ್ಜಿ ಬಾಗಿಲ ಹತ್ತಿರ ಬೇಡ, ಜಗುಲಿ ಮೇಲೆ ಕೂತಿರಲಿ. ಕೈಯಲ್ಲಿ ಮೊರ ಇರಲಿ’ ಅಂತ ತಿದ್ದಿಸಿ. ಒಂದೆರಡು ಸಲ ಹೀಗೆ ಓಡಾಡಿದರೆ ನಿಮಗೆ ಬೇಕಾದ ಸ್ಕೆಚ್ಚುಗಳು ಕೇಳದೆಯೇ ಬಂದಿರುತ್ತವೆ. ಒಂದೇ ಷರತ್ತು, ರಫ್‌ಗೂ ದುಡ್ಡು ಕೊಡಬೇಕು. ಚಿತ್ರ ತೆಗೆದುಕೊಂಡರೂ ಕೊಡಬೇಕು, ಬಿಟ್ಟರೂ ಕೊಡಬೇಕು. ಪುರಾವೆ ಬೇಕೇ ಬೇಕು ಅನ್ನುವ ಎಷ್ಟು ಜನ ಇದಕ್ಕೆ ಒಪ್ಪುತ್ತಾರೋ ನೋಡೋಣ.