ಕಡಕ್ ರೊಟ್ಟಿಗೂ ಒಂದು ಓವರ್‌ಕೋಟು

ಸೆಪ್ಟೆಂಬರ್ ಅರ್ಧ ದಾಟಿದರೆ ಸಾಕು, ದಸರಾ ರಜೆಗೆ ಮಂಗಳೂರಿಗೆ ಹೊರಟವರ ಮೊಬೈಲಿಗೆ ಆ ಲೇಖನ ತಪ್ಪದೆ ಬಂದು ಬೀಳುತ್ತದೆ. ಶರತ್ಕಾಲದ ಕರಾವಳಿ ಪ್ರವಾಸಕ್ಕೆ ಏನು ತೊಡಬೇಕು, ಚೀಲದಲ್ಲಿ ಏನು ತುಂಬಬೇಕು ಅಂತ. ನೀವೂ ನೋಡಿರುತ್ತೀರಿ. ಕಂದು ಓವರ್‌ಕೋಟು, ಕುತ್ತಿಗೆಗೆ ಉಣ್ಣೆಯ ಸ್ಕಾರ್ಫು, ಮೊಣಕಾಲ ತನಕ ಚರ್ಮದ ಬೂಟು, ಹಿಂದೆ ರಾಶಿ ಬಿದ್ದ ಕೆಂಪು ಎಲೆ. ಯಾವ ದೇಶದ ಯಾವ ಬಂದರಿಗೆ ಬರೆದದ್ದೋ ಏನೋ, ಊರಿನ ಹೆಸರಿದ್ದಲ್ಲಿ ಮಂಗಳೂರು ಅಂತ ತುಂಬಿ ಬಿಟ್ಟಿದ್ದಾರೆ.

ದೊಡ್ಡ ಉಪಕಾರವೇ ಸರಿ. ಮೇ ತಿಂಗಳ 42 ಡಿಗ್ರಿಯಲ್ಲಿ ಬೆಂದು ಗಟ್ಟಿಯಾದ ಕಲಬುರಗಿ ಮಂದಿಗೆ ಉಣ್ಣೆ ಸ್ಕಾರ್ಫು ಸುತ್ತಿಕೊಳ್ಳುವುದನ್ನು ಇನ್ಯಾರು ಕಲಿಸಬೇಕು? ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋಗಿ ಓವರ್‌ಕೋಟು ಕೇಳಿ ನೋಡಿ, ಅಂಗಡಿಯವರು ರೇನ್‌ಕೋಟು ತೆಗೆದು ಮುಂದಿಡುತ್ತಾರೆ. ತಪ್ಪು ಕೇಳಿದವರಿಗೂ ಸರಿಯಾದ ಮಾಲು ಕೊಡುವ ಅವರನ್ನೇ ಲೇಖನ ಬರೆಯಲು ಕೂರಿಸಬೇಕಿತ್ತು. ಎಲೆಯ ವಿಚಾರ ಕೇಳಿದರೆ, ನಮ್ಮಲ್ಲಿ ಗಿಡ ಬೋಳಾಗುವುದು ಮಾಘ, ಫಾಲ್ಗುಣದಲ್ಲಿ. ಸೆಪ್ಟೆಂಬರಿನಲ್ಲಿ ತೊಗರಿ ಹೊಲ ಹಸಿರಾಗಿ ನಿಂತಿರುತ್ತದೆ, ಎರಿ ಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಎತ್ತಲಿಕ್ಕೆ ಬಿಡುವುದಿಲ್ಲ.

ಪದರ ಪದರವಾಗಿ ತೊಟ್ಟುಕೊಂಡು ಹೋಗಿ, ಸೆಕೆಯಾದಂತೆ ಒಂದೊಂದೇ ಕಳಚಿ ಎಂಬುದು ಲೇಖನದ ತಿರುಳು. ಮಂಗಳೂರಿನಲ್ಲಿ ಆ ಹೊತ್ತಿಗೆ ಹಗಲು 30 ಡಿಗ್ರಿ ಆಸುಪಾಸು. ಅಷ್ಟೇನಾ ಅಂತ ನಗಬೇಡಿ. ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಆರದಿದ್ದರೆ ಮೈ ತಂಪಾಗುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಬೆವರು ಹುಟ್ಟಿದಲ್ಲೇ ಒಣಗಿ ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ಬಿಡುತ್ತದೆ. ಅಲ್ಲಿ ಅದು ಹರಿಯುತ್ತದೆ. ಮೊದಲ ಪದರವನ್ನು ಪಂಪ್‌ವೆಲ್‌ನಲ್ಲಿ, ಎರಡನೆಯದನ್ನು ಹಂಪನಕಟ್ಟೆಯಲ್ಲಿ ಕಳಚಿದರೆ, ಪಣಂಬೂರಿನ ಕಡಲು ಕಾಣುವ ಹೊತ್ತಿಗೆ ಕಳಚಲು ಚರ್ಮ ಒಂದೇ ಉಳಿದಿರುತ್ತದೆ. ಕಳಚಿದ ಕೋಟು ಎಲ್ಲಿಡಬೇಕು ಅನ್ನುವುದನ್ನು ಮಾತ್ರ ಲೇಖಕರು ಹೇಳಿಲ್ಲ.

ಮಳೆಯ ಸುದ್ದಿಯೂ ಇಲ್ಲ. ಕಲಬುರಗಿಗೆ ವರ್ಷಕ್ಕೆ ಬೀಳುವುದು ಸುಮಾರು 800 ಮಿ.ಮೀ., ಮಂಗಳೂರಿಗೆ 3,500 ಮಿ.ಮೀ. ಮೇಲೆ. ಜೂನ್, ಜುಲೈನ ಅಬ್ಬರ ಇಳಿದಿದ್ದರೂ ಸೆಪ್ಟೆಂಬರ್ ಅಲ್ಲಿ ಮಳೆಗಾಲವೇ. ಅಕ್ಟೋಬರಿನಲ್ಲಿ ಸಂಜೆಗೆ ಗುಡುಗಿನ ಮಳೆ. ಹಾಗಾಗಿ ಚೀಲ ತುಂಬುವಾಗ ಕೇಳಬೇಕಾದ್ದು ಒಂದೇ: ಇದು ಒದ್ದೆಯಾದರೆ ಎಷ್ಟು ಹೊತ್ತಿಗೆ ಒಣಗೀತು? ತೆಳು ಹತ್ತಿ ಅಂಗಿ ಹಿಂಡಿ ಫ್ಯಾನ್ ಕೆಳಗೆ ಹಾಕಿದರೆ ಬೆಳಗಿನ ಹೊತ್ತಿಗೆ ಉಡುವಂತಾಗುತ್ತದೆ. ಜೀನ್ಸ್ ಎರಡು ದಿನವಾದರೂ ಸೊಂಟಪಟ್ಟಿ, ಜೇಬಿನ ಮೂಲೆಯಲ್ಲಿ ಹಸಿ ಉಳಿಸಿಕೊಂಡು ಮುಗ್ಗಲು ವಾಸನೆ ಬೀರುತ್ತದೆ. ಅದಕ್ಕೇ ಒಂದು ಸಾಕು, ಅದೂ ಬಸ್ಸಿಗೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿಯ ಠೀವಿ ಘಾಟಿ ಇಳಿಯುವುದರೊಳಗೆ ಇಳಿದು ಹೋಗುತ್ತದೆ. ಮಡಿಚಿಟ್ಟರೆ ಗಂಜಿಗೇ ಬೂಜು ಹಿಡಿಯುತ್ತದೆ, ಬೂಜಿಗೆ ಅದು ಒಳ್ಳೆಯ ಊಟ. ಬಿಳಿ ಪೈಜಾಮ ಬೇಡವೇ ಬೇಡ, ಅಲ್ಲಿನ ಕೆಂಪು ಮಣ್ಣಿನ ನೀರು ಸಿಡಿದರೆ ಕಲೆ ಸಾಬೂನಿಗೆ ಬಗ್ಗುವುದಿಲ್ಲ. ನಾಲ್ಕು ಮೊಳ ನೈಲಾನ್ ಹಗ್ಗ, ಹತ್ತು ಕ್ಲಿಪ್ಪು, ಒದ್ದೆ ಬಟ್ಟೆಗೆ ಬೇರೆ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡವರು ಗೆದ್ದರು.

ಇನ್ನು ಆ ಬೂಟು. ಚರ್ಮ ಒಮ್ಮೆ ನೆನೆದು ಮುಚ್ಚಿದ ಚೀಲದೊಳಗೆ ಕೂತರೆ ಕೆಲವೇ ದಿನಕ್ಕೆ ಮೇಲೆ ಬಿಳಿ ಬೂಜು. ಬೆಲ್ಟಿಗೂ ಪರ್ಸಿಗೂ ಅದೇ ಗತಿ. ಸವೆದ ಹವಾಯಿ ಚಪ್ಪಲಿಯೂ ಸರಿಯಲ್ಲ, ಪಾಚಿ ಹಿಡಿದ ಕಲ್ಲಿನ ಮೆಟ್ಟಿಲ ಮೇಲೆ ಅದು ನಿಮ್ಮನ್ನು ಲೇಖನಕ್ಕಿಂತ ಬೇಗ ಮಲಗಿಸುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ, ತಳ ಗೀರುಗೀರಾದ ರಬ್ಬರ್ ಸ್ಯಾಂಡಲ್ ಹಾಕಿ. ಫೋಟೊದಲ್ಲಿ ಚಂದ ಕಾಣುವುದಿಲ್ಲ, ಕಾಲು ಉಳಿಯುತ್ತದೆ.

ಅದಿರಲಿ, ಇಂಥ ಪಟ್ಟಿ ಮಾಡುವವರಿಗೆ ಬುತ್ತಿಯ ನೆನಪೇ ಬರುವುದಿಲ್ಲವಲ್ಲ! ಕಲಬುರಗಿಯಿಂದ ಯಾರೇ ಹೊರಟರೂ ಬಟ್ಟೆಗಿಂತ ಮೊದಲು ಚೀಲ ಸೇರುವುದು ಕಡಕ್ ರೊಟ್ಟಿ. ಓವರ್‌ಕೋಟು ನಿಜವಾಗಿ ಬೇಕಾದ್ದು ಅದಕ್ಕೇ. ನಮ್ಮ ಒಣ ಹವೆಯಲ್ಲಿ ವಾರಗಟ್ಟಲೆ ಕಡಕ್ಕಾಗಿ ಉಳಿಯುವ ರೊಟ್ಟಿ ಕರಾವಳಿಯ ಗಾಳಿಗೆ ತೆರೆದಿಟ್ಟರೆ ಕೆಲವೇ ತಾಸಿನಲ್ಲಿ ಹಳೇ ಚಪ್ಪಲಿಯ ಅಟ್ಟೆಯಾಗುತ್ತದೆ, ಜಗ್ಗಿದರೆ ಜಗ್ಗುತ್ತದೆ, ಮುರಿಯುವುದಿಲ್ಲ. ಸುಟ್ಟ ಮೇಲೆ ಬಟ್ಟೆಯ ಮೇಲೆ ಹರವಿ ಪೂರ್ತಿ ಆರಲು ಬಿಡಬೇಕು. ಬಿಸಿಯಲ್ಲೇ ಡಬ್ಬಿಗೆ ತುಂಬಿದರೆ ಒಳಗಿನ ಹಬೆಯೇ ಬೂಜಾಗುತ್ತದೆ. ಆರಿದ ರೊಟ್ಟಿಯನ್ನು ಐದೈದರಂತೆ ಪ್ಲಾಸ್ಟಿಕ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು ಬಿಗಿದು ಕಟ್ಟಿ, ಆ ಕಟ್ಟುಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಒಂದು ಹೊತ್ತಿಗೆ ಒಂದೇ ಕಟ್ಟು ಬಿಚ್ಚಬೇಕು. ಮೆತ್ತಗಾದರೆ ಕಾದ ಹಂಚಿನ ಮೇಲೆ ಎರಡೂ ಕಡೆ ಅರ್ಧರ್ಧ ನಿಮಿಷ ಒತ್ತಿದರೆ ಮತ್ತೆ ಕಡಕ್. ಲಾಡ್ಜಿನಲ್ಲಿ ಹಂಚು ಎಲ್ಲಿಂದ ತರೋದು ಅಂದರೆ, ಅದಕ್ಕೇ ಕಟ್ಟು ಸಣ್ಣದಿರಲಿ ಅಂದದ್ದು.

ಶೇಂಗಾ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಹಸಿ ಬಳ್ಳೊಳ್ಳಿ ಹಾಕಿ ಕುಟ್ಟಿದರೆ ರುಚಿ ಹೌದು, ತೇವದ ಊರಲ್ಲಿ ಬಾಳಿಕೆ ಇಲ್ಲ. ಪಯಣದ ಹಿಂಡಿಗೆ ಬಳ್ಳೊಳ್ಳಿಯನ್ನು ಹುರಿದು ಹಾಕಿ, ಇಲ್ಲವೇ ಬಿಡಿ. ಒದ್ದೆ ಚಮಚ ಮುಟ್ಟಿತೋ, ಹಿಂಡಿ ಗಡ್ಡೆ ಕಟ್ಟಿತು. ಹೋಳಿಗೆಯಲ್ಲಿ ಶೇಂಗಾದ್ದನ್ನೇ ಒಯ್ಯಿರಿ. ಬೇಳೆ ಹೋಳಿಗೆ ಮರುದಿನವೇ ಹಳಸಿ ಮಾನ ಕಳೆಯುತ್ತದೆ.

ಲೇಖನಕ್ಕೆ ಒಂದು ಕಡೆ ನ್ಯಾಯ ಕೊಡಲೇಬೇಕು. ಪದರ ಪದರವಾಗಿ ತೊಡಬೇಕಾದ ಜಾಗವೊಂದು ನಿಜಕ್ಕೂ ಇದೆ: ಎಸಿ ಸ್ಲೀಪರ್ ಬಸ್ಸು. ಮಲಗಿದವರ ನೆತ್ತಿಗೆ ಗುರಿಯಿಟ್ಟ ಗಾಳಿಯ ಕಿಂಡಿ ಮುಚ್ಚಿದರೂ ಮುಚ್ಚಿಕೊಳ್ಳುವುದಿಲ್ಲ. ಬಸ್ಸಿನವರು ಕೊಡುವ ರಗ್ಗು ನೀರು ಕಂಡದ್ದು ಯಾವಾಗ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಸೊಲ್ಲಾಪುರದ ಚಾದರ, ಕಿವಿ ಮುಚ್ಚುವ ಟೋಪಿ, ಕಾಲುಚೀಲ ಚೀಲದ ತಳಕ್ಕೆ ಹೋಗಬಾರದು, ಕೈಗೆ ಸಿಗಬೇಕು. ಶರತ್ಕಾಲದ ಶೈಲಿಯನ್ನೆಲ್ಲ ಒಂದು ರಾತ್ರಿ, ಆರಡಿ ಬರ್ತಿನಲ್ಲಿ, ಪರದೆ ಎಳೆದುಕೊಂಡು ಅನುಭವಿಸಿ.

ಶಕ್ತಿ ಯೋಜನೆಯಲ್ಲಿ ಹೋಗುವ ಹೆಣ್ಣುಮಕ್ಕಳಿಗೆ ಆ ಭಾಗ್ಯವೂ ಇಲ್ಲ. ಸ್ಲೀಪರ್, ಎಸಿ ಬಸ್ಸಿಗೆ ಉಚಿತ ಇಲ್ಲವಾದ್ದರಿಂದ ಅವರು ಊರಿಂದೂರಿಗೆ ಬಸ್ಸು ಬದಲಿಸುತ್ತ ಇಳಿಯುತ್ತಾರೆ. ಹಾಗೆ ಹೋಗುವವರಿಗೆ ಚಕ್ರದ ಸೂಟ್‌ಕೇಸು ಶತ್ರು. ಒಂದು ಕೈಯಲ್ಲಿ ಕೂಸು, ಒಂದು ಕೈಯಲ್ಲಿ ಚೀಲ, ಅಷ್ಟೇ. ಗುರುತಿನ ಚೀಟಿ ಮೇಲಿನ ಜೇಬಿನಲ್ಲಿರಲಿ. ಇಲ್ಲದಿದ್ದರೆ ಗೊತ್ತಲ್ಲ.

“ಯಕ್ಕಾ, ಆಧಾರ್ ತೋರಸ್ರಿ.”

“ತಡೀರಿ ಯಣ್ಣಾ, ರೊಟ್ಟಿ ಡಬ್ಬಿ ಕೆಳಗ ಅದ.”

ಅಷ್ಟರಲ್ಲಿ ಮುಂದಿನ ಸ್ಟಾಪು ಬಂದಿರುತ್ತದೆ.

ನಗು ಇಲ್ಲಿಗೆ ಸಾಕು. ಈ ಜಿಲ್ಲೆಯಿಂದ, ಯಾದಗಿರಿಯಿಂದ, ಮಂಗಳೂರಿಗೆ ಚೀಲ ಕಟ್ಟುವ ಎಷ್ಟೋ ಜನ ಪ್ರವಾಸಕ್ಕೆ ಹೋಗುವವರಲ್ಲ, ಗಾರೆ ಕೆಲಸಕ್ಕೆ, ಕಾಂಕ್ರೀಟು ಹೊರಲಿಕ್ಕೆ ಹೋಗುವವರು. ಅವರ ಪಟ್ಟಿಯನ್ನು ಯಾರೂ ಬರೆಯುವುದಿಲ್ಲ: ಜೋಳದ ಹಿಟ್ಟಿನ ಚೀಲ, ಹಂಚು, ಬಕೆಟ್ಟು, ಎರಡು ಚಾದರ, ಮೇಲೆ ಹೊದಿಸಲು ಒಂದು ತಾಡಪತ್ರಿ (ಟಾರ್ಪಾಲು). ತಾಡಪತ್ರಿ ಯಾಕೆ? ಇರಲು ಜಾಗ ಕೊಡುವುದಿಲ್ಲವಾದ್ದರಿಂದ. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ 34ನೇ ಕಲಮು ಸ್ಪಷ್ಟವಾಗಿತ್ತು. ಕೆಲಸದ ಜಾಗದಲ್ಲೋ ಅದರ ಹತ್ತಿರದಲ್ಲೋ ಬಾಡಿಗೆ ಇಲ್ಲದ ತಾತ್ಕಾಲಿಕ ವಸತಿ, ಅಡುಗೆಗೆ ಬೇರೆ ಜಾಗ, ಸ್ನಾನ, ಶೌಚ, ಎಲ್ಲವನ್ನೂ ಮಾಲೀಕ ಕೊಡಬೇಕಿತ್ತು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಬಂದು ಅದು ರದ್ದಾಗುವ ತನಕ ಮೂವತ್ತು ವರ್ಷದ ಹತ್ತಿರ ಆ ಕಾಯ್ದೆ ಜಾರಿಯಲ್ಲಿತ್ತು. ಕಾರ್ಮಿಕರ ಮನೆಯವರು ಇನ್ನೂ ತಾಡಪತ್ರಿ ಕೊಳ್ಳುತ್ತಲೇ ಇದ್ದಾರೆ. ಕಟ್ಟಡದ ವೆಚ್ಚದಲ್ಲಿ ನೂರಕ್ಕೊಂದು ರೂಪಾಯಿ ಸೆಸ್ ಇವರ ಹೆಸರಿನಲ್ಲೇ ವಸೂಲಾಗುತ್ತದೆ, ಇವರ ಮಕ್ಕಳು ಮಾತ್ರ ಸಿಮೆಂಟು ಚೀಲದ ಮೇಲೆ ಮಲಗುತ್ತಾರೆ. ಇದನ್ನು ಬರೆದು ಬರೆದು ಸಾಕಾಗಿದೆ.

ಹೊರಡುವವರು ಲೇಬರ್ ಕಾರ್ಡು, ಅಂದರೆ ಕಟ್ಟಡ ಕಾರ್ಮಿಕರ ನೋಂದಣಿ ಕಾರ್ಡು, ಮರೆಯಬೇಡಿ. ಇಲ್ಲದವರು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬರೆಸಿಕೊಂಡು ಅರ್ಜಿ ಹಾಕಿ. ಮೇಸ್ತ್ರಿ ನಾಳೆ ಅಂದರೆ ನಾಳೆಯೂ ಹೋಗಿ ಕೇಳಿ. ಕಾಗದಗಳನ್ನೆಲ್ಲ ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹಿಟ್ಟಿನ ಚೀಲದಿಂದ ದೂರ ಇಡಿ, ಹಿಟ್ಟಿನ ಚೀಲಕ್ಕೆ ಇಲಿ ಬರುತ್ತದೆ. ಹಿಟ್ಟನ್ನೂ ಎರಡು ವಾರಕ್ಕಾಗುವಷ್ಟೇ ಒಯ್ಯಿರಿ, ಆ ತೇವದಲ್ಲಿ ಅದಕ್ಕಿಂತ ಹೆಚ್ಚಿಟ್ಟರೆ ಹುಳ ಬೀಳುತ್ತದೆ, ಕಹಿಯಾಗುತ್ತದೆ.